ಹುಲ್ಲಿನಲ್ಲಿ ಎರಡು ಸಾಲು

ಜೂನ್ 2

ಬಟ್ಟೆ ಅಂಗಡಿಯವರು ವರ್ಷದ ಮೊದಲಲ್ಲಿ ಕೊಟ್ಟ ಡೈರಿ ಇದು. ಇಷ್ಟು ದಿನ ಮೊಳೆ ಡಬ್ಬಿಯ ಕೆಳಗೆ ಮಲಗಿತ್ತು, ಇವತ್ತು ಎಬ್ಬಿಸಿದೆ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದವನು ನಾನು. ಬರೆಯುವುದೆಂದರೆ ಅಂಗಡಿ ಬಿಲ್ಲು ಮಾತ್ರ. ಆದರೆ ಏನು ಮಾಡುವುದು, ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಆ ದಿನದ ಸುದ್ದಿಯನ್ನೆಲ್ಲ ಅಕ್ಕನಿಗೆ ಹೇಳಿ ಅಭ್ಯಾಸ. ಅಕ್ಕ ತೀರಿಕೊಂಡು ಎರಡು ತಿಂಗಳಾಯಿತು. ಸುದ್ದಿ ಮಾತ್ರ ದಿನಾ ಹುಟ್ಟುತ್ತಲೇ ಇದೆ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಗ್ಯಾಸ್ ಆಗುತ್ತದೆ. ಅದಕ್ಕೆ ಇಲ್ಲಿ.

ಇವತ್ತಿನ ಸುದ್ದಿ: ಮೂರು ಸೀಟಿನ ಸೋಫಾ ಒಂದು ರಿಪೇರಿಗೆ ಬಂತು. ಕನ್ನಡಕದವರೊಬ್ಬರು ಟೆಂಪೋದಲ್ಲಿ ಹೇರಿಕೊಂಡು ತಂದರು. ನಾನು ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿ, "ಸಾರ್, ಈ ಬಲಗಡೆ ಮೂಲೆ ನಿಮ್ಮತ್ತೆಯವರದ್ದು ತಾನೆ?" ಎಂದೆ.

ಅವರು ತೆರೆದ ಬಾಯಿ ಮುಚ್ಚಲಿಲ್ಲ. "ನಿಮಗೆ ಹೇಗ್ರೀ ಗೊತ್ತಾಯ್ತು?"

"ಸ್ಪ್ರಿಂಗ್ ಹೇಳ್ತು. ಈ ಮೂಲೇಲಿ ಕೂತೋರು ಬೆಳಿಗ್ಗೆ ಕೂತ್ರೆ ಊಟಕ್ಕೂ ಎದ್ದಿಲ್ಲ. ಮಧ್ಯದ್ದು ನಿಮ್ಮ ಹೆಂಡ್ತಿ, ಅಮ್ಮನ ಕಡೆಗೇ ವಾಲಿದ್ದಾರೆ. ಈ ತುದೀಲಿ ಅರ್ಧ ಅಂಡು ಊರಿ ಕೂತಿರೋದು ನೀವು. ಯಾವಾಗ ಬೇಕಾದ್ರೂ ಎದ್ದು ಓಡೋಕೆ ರೆಡಿ."

ಮನುಷ್ಯ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸೋಫಾ ಸುಳ್ಳು ಹೇಳುವುದಿಲ್ಲ. ಯಾರು ಎಷ್ಟು ಹೊತ್ತು ಕೂತರು, ಯಾವ ಕಡೆ ವಾಲಿದರು, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲವೂ ಫೋಮಿನಲ್ಲಿ ಅಚ್ಚಾಗಿರುತ್ತದೆ. ಇಷ್ಟು ವರ್ಷದಲ್ಲಿ ನನ್ನ ಅಂದಾಜು ತಪ್ಪಿದ್ದಿಲ್ಲ.

ಮನೆಗೆ ಬಂದು ಇದನ್ನು ಮನೆಯವಳಿಗೆ ಹೇಳಿದೆ. ಅವಳು ಒಲೆಯ ಮುಂದೆ ನಿಂತಿದ್ದಳು. ತಿರುಗದೆಯೇ "ಹೂಂ" ಎಂದಳು. ಅಕ್ಕನಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು.

ಜೂನ್ 7, ಭಾನುವಾರ

ಮಳೆ ಹಿಡಿದು ವಾರವಾಯಿತು. ನಮ್ಮ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚಿನವು. ಮುಂದೆ ಒಂದೊಂದು ತುಂಡು ಹುಲ್ಲು, ನಡುವೆ ಬೇಲಿ ಇಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೂ ಹುಲ್ಲು ಕತ್ತರಿಸುವ ಮಿಷನ್ ತಳ್ಳುತ್ತಾರೆ. ಹತ್ತು ಗಂಟೆ ಹೊತ್ತಿಗೆ ಬೀದಿಗೆ ಬೀದಿಯೇ ಕ್ಷೌರ ಮಾಡಿಸಿಕೊಂಡು ಕೂತ ಹಾಗಿರುತ್ತದೆ. ನಮ್ಮದೊಂದೇ ಗಡ್ಡ ಬಿಟ್ಟಿದೆ.

ಅಕ್ಕ ಹೋದ ಮೇಲೆ ನಾನು ಮಿಷನ್ ಮುಟ್ಟಿಲ್ಲ. ಕೇಳಿದವರಿಗೆ ಬ್ಲೇಡು ಮೊಂಡಾಗಿದೆ ಎನ್ನುತ್ತೇನೆ. ಬ್ಲೇಡು ಚೆನ್ನಾಗಿಯೇ ಇದೆ.

ಈಗ ಅಲ್ಲಿ ಹೂವು ಬಂದಿವೆ. ನೆಟ್ಟದ್ದಲ್ಲ, ತಾವಾಗಿಯೇ. ಗುಂಡುಸೂಜಿ ತಲೆಯಷ್ಟು ಹಳದಿ, ಒಂಥರಾ ಬಿಳಿ, ನಡುನಡುವೆ ಮುಟ್ಟಿದರೆ ಮುನಿ ಗಿಡದ ಗುಲಾಬಿ ಬಣ್ಣದ ಗೊಂಡೆ. ಹುಲ್ಲಿನ ತುಂಬ ಬಂದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಅಕ್ಕ ನಡೆದ ಜಾಗದಲ್ಲಿ ಮಾತ್ರ ಬಂದಿವೆ.

ಅಕ್ಕ ನನ್ನನ್ನು ಸಾಕಿದವಳು. ಅಮ್ಮ ಹೋದಾಗ ನನಗೆ ಚಡ್ಡಿ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ದೊಡ್ಡವನಾದ ಮೇಲೆ ಅಂಗಡಿ ಇಟ್ಟೆವು. ನನ್ನದು ಮರ, ಮೊಳೆ, ಸ್ಪ್ರಿಂಗು. ಅಕ್ಕನದು ಕವರ್ ಹೊಲಿಗೆ. ಆಮೇಲೆ ಅವಳಿಗೆ ಮರೆವು ಶುರುವಾಯಿತು. ಒಂದು ದಿನ ಕುಶನ್ ಕವರಿಗೆ ಅಂಗಿಯ ಹಾಗೆ ಜೇಬು ಇಟ್ಟು ಹೊಲಿದಳು. ಗಿರಾಕಿ ಬಯ್ಯುತ್ತಾನೆ ಅಂದುಕೊಂಡರೆ, ರಿಮೋಟ್ ಇಡೋಕೆ ಚೆನ್ನಾಗಿದೆ, ಉಳಿದವಕ್ಕೂ ಹಾಕಿಕೊಡಿ ಎಂದ. ಆ ದಿನ ನಾವಿಬ್ಬರೂ ನಕ್ಕದ್ದೇ ನಕ್ಕದ್ದು. ಕೊನೆಗೆ ಸೂಜಿ ಯಾವುದು, ದಾರ ಯಾವುದು ತಿಳಿಯದಾದಾಗ ಮನೆಯಲ್ಲಿ ಬಿಟ್ಟೆ.

ಮನೆಯಲ್ಲಿ ಅವಳಿಗೆ ಒಂದೇ ಕೆಲಸ. ಬಿಸಿಲು ಇಳಿಯುತ್ತಿದ್ದ ಹಾಗೆ "ಮನೆಗೆ ಹೋಗ್ಬೇಕು" ಎಂದು ಎದ್ದು ಅಂಗಳದಲ್ಲಿ ಸುತ್ತು ಹೊಡೆಯುವುದು. ಎರಡು ವರ್ಷ ಸುತ್ತಿದಳು. ಹುಲ್ಲು ಸವೆದು ಮಣ್ಣು ಕಂಡಿತ್ತು. ನಾನು ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಕಾಲು ತೊಳೆದಾಗಿರುತ್ತಿತ್ತು, ತಲೆ ಬಾಚಿ ಆಗಿರುತ್ತಿತ್ತು. ನನ್ನ ಸುದ್ದಿಗೆ ಕಾದು ಕೂತ ಮಹಾರಾಣಿ.

ಬೇರೆ ಕಡೆ ಹುಲ್ಲು ದಟ್ಟ. ಬೀಜಕ್ಕೆ ಬೇರೂರಲು ಜಾಗ ಸಿಕ್ಕಿದ್ದು ಮಣ್ಣು ಬೆತ್ತಲಾಗಿದ್ದ ಕಡೆ ಮಾತ್ರ. ಕಾರಣ ಅಷ್ಟೇ, ನನಗೂ ಗೊತ್ತು. ಆದರೂ ಬೆಳಿಗ್ಗೆ ಬಾಗಿಲು ತೆಗೆದರೆ ಎದೆ ಒಂದು ಸಲ ಧಸಕ್ ಅನ್ನುತ್ತದೆ. ರಾತ್ರಿಯೆಲ್ಲ ಯಾರೋ ಹೂವು ಉದುರಿಸುತ್ತಾ ಸುತ್ತಿದ ಹಾಗೆ ಕಾಣುತ್ತದೆ.

ಜೂನ್ 13

ಬಡಾವಣೆ ಸಂಘದ ಸೆಕ್ರೆಟರಿ ಬಂದಿದ್ದರು. ಜೇಬಿನಲ್ಲಿ ಮಕ್ಕಳ ಸ್ಕೇಲು ಇಟ್ಟುಕೊಂಡೇ ಓಡಾಡುವ ಮನುಷ್ಯ, ಹುಲ್ಲು ಅಳೆಯಲು. ಸ್ಕೇಲಣ್ಣ ಎಂದು ನಾನೇ ಹೆಸರಿಟ್ಟೆ. ಈಗ ಅವರ ಮನೆಯಲ್ಲೂ ಹಾಗೇ ಕರೆಯುತ್ತಾರಂತೆ.

"ಏನ್ರೀ ಇದು, ಕಾಡು?"

"ಕಾಡಲ್ಲ ಅಣ್ಣ, ಕಾಡಿನ ಬ್ರಾಂಚ್ ಆಫೀಸು."

"ತಮಾಷೆ ಬೇಡ. ನೋಡಿ, ಸ್ಕೇಲು ಮುಳುಗೇ ಹೋಯ್ತು."

"ಟೇಪ್ ಕೊಡ್ಲಾ? ಅಂಗಡಿಲಿದೆ."

"ಹಾವು ಬರುತ್ತೆ ಕಣ್ರೀ."

"ಬರಲಿ ಬಿಡಿ, ಸಂಘಕ್ಕೆ ಮೆಂಬರ್ ಮಾಡ್ಕೊಳ್ಳಿ."

ನಗು ತಡೆಯಲಾಗಲಿಲ್ಲ ಪಾಪ. ಆಮೇಲೆ ಮುಖ ಗಂಭೀರ ಮಾಡಿಕೊಂಡರು. "ನಿಮ್ಮಕ್ಕ ಹೋದ್ರು ಅಂತ ಇಷ್ಟು ದಿನ ಯಾರೂ ಬಾಯಿ ಬಿಟ್ಟಿಲ್ಲ. ಈಗ ಎದುರುಮನೆ ಟೀಚರಮ್ಮ ಸಂಜೆ ಕಿಟಕಿ ತೆಗೆಯೋಕೇ ಹೆದರ್ತಾರೆ."

"ಹುಲ್ಲಿಗಾ?"

ಸ್ಕೇಲಣ್ಣ ಬೇರೆ ಕಡೆ ನೋಡಿದರು. "ಹುಲ್ಲಲ್ಲಿ ಯಾರೋ ನಡೀತಾರಂತೆ. ಶಾಲು ಹೊದ್ದ ಹೆಂಗಸು. ನಿಮ್ಮಕ್ಕನ ಶಾಲಿನ ಹಾಗೇ ಇತ್ತಂತೆ. ಅವರಿಗೆ ಕಣ್ಣು ಅಷ್ಟಕ್ಕಷ್ಟೆ, ಬಿಡಿ. ಆದ್ರೂ ನೀವು ಹುಲ್ಲು ತೆಗೆಸಿಬಿಡಿ. ಎಲ್ಲಾರಿಗೂ ಒಳ್ಳೇದು."

ಅವರು ಹೋದ ಮೇಲೆ ಜೋರಾಗಿ ನಕ್ಕೆ. ಕೇಳಲು ಯಾರೂ ಇರಲಿಲ್ಲ.

ಜೂನ್ 16

ಪಕ್ಕದ ಮನೆ ಮಕ್ಕಳು ರಸ್ತೆಯಲ್ಲಿ ನಿಂತು ನಮ್ಮ ಅಂಗಳಕ್ಕೆ ಕೈ ತೋರಿಸಿ ಕೂ ಚುಕುಬುಕು ಎನ್ನುತ್ತಿದ್ದವು. ಏನ್ರೋ ಅಂದರೆ, "ಅಂಕಲ್, ನಿಮ್ಮನೇಲಿ ರೈಲು ಹಳಿ ಬಂದಿದೆ!"

ಹೋಗಿ ನೋಡಿದೆ. ನಿಜ. ಇಷ್ಟು ದಿನ ಹೂವು ಹೂವು ಅಂತ ನೋಡಿದೆನೇ ಹೊರತು ಸರಿಯಾಗಿ ನೋಡಿರಲಿಲ್ಲ. ಸಾಲು ಒಂದಲ್ಲ, ಎರಡು. ಒಂದೊಂದೂ ಒಬ್ಬರು ನಡೆಯುವಷ್ಟು ಅಗಲ. ಒಳಗೊಂದು, ಹೊರಗೊಂದು, ನಡುವೆ ಒಂದು ಗೇಣು ಹುಲ್ಲು. ಒಳಗಿನದು ಅಲ್ಲಲ್ಲಿ ಸೊಟ್ಟ. ಅಕ್ಕ ಕಾಲೆಳೆದು ನಡೆಯುತ್ತಿದ್ದಳು, ಅದು ಸರಿ. ಹೊರಗಿನದು ನೆಟ್ಟಗೆ, ಒಳಗಿನದು ಎಲ್ಲಿ ಸೊಟ್ಟಗಾಗಿದೆಯೋ ಅಲ್ಲಿ ಮಾತ್ರ ಅದರ ಹತ್ತಿರಕ್ಕೆ ಸರಿದಿದೆ.

ಅಕ್ಕನಿಗೆ ಎರಡೇ ಕಾಲು. ಹಾಗಾದರೆ ಇನ್ನೊಂದು ಸಾಲು ಯಾರದು?

ಜೂನ್ 21

ಮನೆಯವಳನ್ನು ಕೇಳೋಣ ಅಂದುಕೊಂಡೆ. ಗಂಭೀರವಾಗಿ ಕೇಳಿದರೆ ಹೆದರಿಯಾಳು ಎಂದು ತಮಾಷೆಯಲ್ಲೇ ಕೇಳಿದೆ. ಅವಳು ನಿಂತು ಬಟ್ಟೆ ಮಡಿಸುತ್ತಿದ್ದಳು.

"ಲೇ, ನಮ್ಮಕ್ಕನಿಗೆ ಕಾಲು ಎಷ್ಟಿದ್ವೇ? ನಾಲ್ಕಾ? ಅಂಗಳದಲ್ಲಿ ಎರಡು ಸಾಲು ಬಿದ್ದಿದೆ. ಜೊತೆಗೆ ಯಾರಾದ್ರೂ ಬರ್ತಿದ್ರಾ?"

ಮಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನನ್ನ ಮುಖದಲ್ಲಿ ಏನೋ ಹುಡುಕಿದ ಹಾಗಿತ್ತು.

"ನಿಮಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಕೇಳ್ತಿದ್ನಾ?"

"ಸರಿ ಬಿಡಿ ಹಾಗಾದ್ರೆ," ಎಂದು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳಿಗೂ ಭಯವಿರಬೇಕು.

ನನಗೆ ಈಗ ನೆನಪಾಗುತ್ತಿದೆ. ಅಕ್ಕ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದಳು, "ನಾನು ಒಬ್ಳೇ ಅಲ್ಲ ಕಣೋ. ಅವಳು ಜೊತೇಲೇ ಬರ್ತಾಳೆ. ಕೈ ಬಿಡಲ್ಲ."

"ಯಾರಕ್ಕಾ?"

"ಅಮ್ಮ ಕಣೋ. ಇನ್ಯಾರು?"

ಆಗ ನಾನು, ಅಮ್ಮನಿಗೆ ಟೀ ಕೊಟ್ಟೆಯಾ ಎಂದು ತಮಾಷೆ ಮಾಡಿದ್ದೆ.

ಜೂನ್ 24

ಮರೆಯುವ ಮೊದಲೇ ಬರೆದುಬಿಡುತ್ತೇನೆ.

ಇವತ್ತು ರೆಕ್ಸಿನ್ ಬರಲಿಲ್ಲ, ಕೆಲಸ ನಿಂತಿತು. ಬೇಗ ಅಂಗಡಿ ಮುಚ್ಚಿ ಬಂದೆ. ಮಳೆ ಇಲ್ಲ, ಗಾಳಿ ಇಲ್ಲ, ಇಳಿಬಿಸಿಲು. ಸ್ಕೂಟರ್ ನಿಲ್ಲಿಸಿ ಹೂವಿನ ಹತ್ತಿರ ಕುಕ್ಕರುಗಾಲಲ್ಲಿ ಕೂತೆ. ಒಳಸಾಲಿನ ಮುಟ್ಟಿದರೆ ಮುನಿ ಎಲ್ಲ ಎಲೆ ಬಿಚ್ಚಿ ಬಿಸಿಲು ಕುಡಿಯುತ್ತಿತ್ತು. ಹೊರಸಾಲಿನದು ಉದ್ದಕ್ಕೂ ಮುಚ್ಚಿಕೊಂಡಿತ್ತು. ಒಂದೆಡೆ ಅಲ್ಲ, ಎರಡೆಡೆ ಅಲ್ಲ. ಸುತ್ತಿನ ಉದ್ದಕ್ಕೂ.

ಅದು ತಾನಾಗಿ ಮುಚ್ಚಿಕೊಳ್ಳುವುದು ಕತ್ತಲಾದ ಮೇಲೆ. ಹಗಲಲ್ಲಿ ಯಾರಾದರೂ ಮುಟ್ಟಬೇಕು.

ನಾನು ನೋಡುತ್ತಿದ್ದ ಹಾಗೆ ಒಂದೊಂದೇ ಎಲೆ ಮೆಲ್ಲಗೆ ಬಿಚ್ಚಿಕೊಂಡವು. ಅಂದರೆ ಯಾರೋ ಈಗ ತಾನೇ ಹಾದುಹೋಗಿದ್ದಾರೆ. ಸುತ್ತ ನೋಡಿದೆ, ಯಾರೂ ಇಲ್ಲ. ಎದುರುಮನೆ ಕಿಟಕಿ ಮುಚ್ಚಿತ್ತು. ಒಳಗೆ ಬಚ್ಚಲಲ್ಲಿ ನೀರು ಬೀಳುವ ಸದ್ದು, ಮನೆಯವಳು ಕಾಲು ತೊಳೆಯುತ್ತಿದ್ದಳೋ ಪಾತ್ರೆ ತೊಳೆಯುತ್ತಿದ್ದಳೋ.

ಅವಳಿಗೆ ಹೇಳಲಿಲ್ಲ. ಸುಮ್ಮನೆ ಯಾಕೆ ಹೆದರಿಸುವುದು.

ಜೂನ್ 25

ಅಂಗಡಿಯಲ್ಲಿ ಸುತ್ತಿಗೆ ಏಟು ಬೆರಳಿಗೇ ಹಾಕಿಕೊಂಡೆ.

ಜೂನ್ 28, ಭಾನುವಾರ

ಸಂಘದ ಸಭೆ. ಅಜೆಂಡಾದಲ್ಲಿ ನಾನೊಬ್ಬನೇ. ಟೀಚರಮ್ಮ ಎದ್ದು ನಿಂತು ಹೇಳಿದರು, "ನನಗೆ ಯಾರ ಮೇಲೂ ಕೋಪ ಇಲ್ಲ. ಆದ್ರೆ ಅಲ್ಲಿ ನಡೀತಾ ಇರೋದು ನಿಜ. ನಾನು ಎರಡು ಸಲ ನೋಡಿದೀನಿ."

"ಟೀಚರಮ್ಮ, ಮುಂದಿನ ಸಲ ಕಂಡ್ರೆ ಅಟೆಂಡೆನ್ಸ್ ಹಾಕ್ಕೊಳ್ಳಿ," ಎಂದೆ.

ಎಲ್ಲರೂ ನಕ್ಕರು. ಟೀಚರಮ್ಮ ನಗಲಿಲ್ಲ. ನಾನೂ ಎಲ್ಲರಿಗಿಂತ ಮೊದಲೇ ನಗು ನಿಲ್ಲಿಸಿದೆ.

ತೀರ್ಮಾನ: ಹನ್ನೆರಡನೇ ತಾರೀಕು ಭಾನುವಾರದೊಳಗೆ ನಾನೇ ಕತ್ತರಿಸಬೇಕು. ಇಲ್ಲದಿದ್ದರೆ ಆ ದಿನ ಬೆಳಿಗ್ಗೆ ಸಂಘದ ಮಿಷನ್ನಿನವನು ಬಂದು ಬುಡಸಮೇತ ಸವರಿ ಹೋಗುತ್ತಾನೆ.

ಮನೆಗೆ ಬಂದು ಸಿಟ್ಟಿನಿಂದ ಹೇಳಿದೆ. ಮನೆಯವಳು ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ.

"ಕತ್ತರಿಸಿಬಿಡಿ," ಎಂದಳು.

"ಏನೇ ಮಾತಾಡ್ತೀಯ? ನಮ್ಮಕ್ಕನ ಹೆಜ್ಜೆ ಅದು."

"ಗೊತ್ತು."

"ಗೊತ್ತಿದ್ದೂ ಹೀಗಂತೀಯಾ? ಅವಳು ಹಾಕಿದ ಒಂದೊಂದು ಹೆಜ್ಜೆ..."

"ಒಂದೊಂದು ಹೆಜ್ಜೇನೂ ಗೊತ್ತು ಕಣ್ರೀ ನನಗೆ," ಎಂದು ದನಿ ಏರಿಸಿದಳು. ಇವಳು ದನಿ ಏರಿಸುವವಳಲ್ಲ. ಆಮೇಲೆ ತಟ್ಟೆ ಹಾಕಿದಳು, ಬಡಿಸಿದಳು, ನಾನು ಉಂಡೆ. ಎದುರಿಗೆ ನಿಂತೇ ಇದ್ದಳು, ನನ್ನ ಊಟ ಮುಗಿಯುವವರೆಗೂ.

ಅಕ್ಕನ ಮೇಲೆ ಇವಳಿಗೆ ಒಳಗೊಳಗೇ ಕಹಿ ಇತ್ತೇನೋ. ಇದ್ದರೂ ತೋರಿಸಿಕೊಂಡವಳಲ್ಲ.

ಜುಲೈ 2

ಮನೆಯವಳ ಕಾಲ ಮೇಲೆ ಗೀರು ಗೀರು ಗಾಯ. ಹಿಮ್ಮಡಿಯಿಂದ ಮೇಲೆ ಕೆಂಪು ದಾರ ಸುತ್ತಿದ ಹಾಗಿತ್ತು. "ಬೆಕ್ಕು ಪರಚಿತಾ?" ಎಂದೆ. "ಹೂಂ, ಬೆಕ್ಕು," ಎಂದು ಸೀರೆ ಕೆಳಗೆಳೆದುಕೊಂಡಳು.

ನಮ್ಮ ಬೀದಿಯಲ್ಲಿ ಬೆಕ್ಕೇ ಇಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ಮಾತು ಬಿಟ್ಟಿದ್ದಾಳೆ, ಕೇಳಿದ್ದಕ್ಕೆ ಅಷ್ಟಕ್ಕಷ್ಟೇ ಉತ್ತರ.

ಜುಲೈ 6

ಈಗ ಅಂಗಡಿಯಲ್ಲಿ ಕೂತರೂ ಕಣ್ಣು ಗಡಿಯಾರದ ಮೇಲೇ. ಬಿಸಿಲು ಇಳಿಯುವ ಹೊತ್ತಿಗೆ ಮೈ ಬಿಸಿಯಾಗುತ್ತದೆ. ಇವತ್ತು ತಡೆಯಲಾಗದೆ ಮೊಳೆ ಅರ್ಧಕ್ಕೆ ಬಿಟ್ಟು ಹೊರಟೆ.

ಅಂಗಳದಲ್ಲಿ ಯಾರೂ ಇಲ್ಲ. ಹೊರಸಾಲು ಮುಚ್ಚಿಕೊಂಡಿದೆ. ಮಣ್ಣಿನಲ್ಲಿ ಒಂದು ಕಡೆ ಹೆಬ್ಬೆರಳು ಒತ್ತಿದ ಗುರುತು, ಇನ್ನೂ ಹಸಿ. ಕೂದಲು ನೆಟ್ಟಗಾಯಿತು. ಓಡಿಹೋಗಬೇಕು ಅನ್ನಿಸಲಿಲ್ಲ. ಯಾಕೋ ಅಳು ಬಂತು.

ಅಮ್ಮನ ಮುಖ ನನಗೆ ನೆನಪಿಲ್ಲ. ಅಮ್ಮ ಎಂದು ಕೂಗಿ ಅಭ್ಯಾಸವೂ ಇಲ್ಲ. ಆದರೂ ಸಾಲಿನ ಪಕ್ಕ ನಿಂತು ಮೆಲ್ಲಗೆ ಕೂಗಿದೆ.

"ಅಮ್ಮಾ. ನೀನೇ ತಾನೆ? ನೀನೇ ಅಂತ ಗೊತ್ತಾಯ್ತು. ಎರಡು ವರ್ಷ ಅಕ್ಕನ ಕೈ ಹಿಡ್ಕೊಂಡು ಸುತ್ತಿದೀಯ. ಬೀಳದ ಹಾಗೆ ನೋಡ್ಕೊಂಡಿದೀಯ. ನನ್ನ ಕೈಲಿ ಆಗ್ಲಿಲ್ಲ, ಅಂಗಡಿ ಇತ್ತು. ನೀನಿಲ್ದಿದ್ರೆ ಅವಳ ಗತಿ ಏನಾಗ್ತಿತ್ತು? ನಿನ್ನ ಋಣ ಹೇಗಮ್ಮಾ ತೀರಿಸ್ಲಿ? ಇವರು ಯಾರು ಬಂದ್ರೂ ನಿನ್ನ ಹೆಜ್ಜೆ ಮುಟ್ಟೋಕೆ ಬಿಡಲ್ಲ."

ಹಿಂದೆ ಏನೋ ಸದ್ದಾಯಿತು. ಬಾಗಿಲಲ್ಲಿ ಮನೆಯವಳು. ಕೈಯಲ್ಲಿ ಚೊಂಬು, ಕಾಲೆಲ್ಲ ನೀರು. ಎಷ್ಟು ಹೊತ್ತಿಂದ ನಿಂತಿದ್ದಳೋ. ಅವಳ ಮುಖ ನೋಡಿ, ಅವಳಿಗೂ ಅಮ್ಮ ಕಂಡಿರಬೇಕು ಅಂದುಕೊಂಡೆ.

"ನಿನಗೂ ಕಾಣಿಸಿದಳಾ?" ಎಂದು ಪಿಸುಗುಟ್ಟಿದೆ.

ಚೊಂಬನ್ನು ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಈ ಮನೆಯಲ್ಲಿ ಆ ಬಾಗಿಲು ಹಗಲಲ್ಲಿ ಹಾಕಿದ್ದನ್ನು ನಾನು ನೋಡಿದ್ದೇ ಇಲ್ಲ.

ಜುಲೈ 9

ಇವತ್ತಿನದು ಹೇಗೆ ಬರೆಯಬೇಕೋ ಗೊತ್ತಿಲ್ಲ.

ಮನೆಯವಳ ಮುನಿಸು ಇಳಿಸಲು ಒಂದು ಉಪಾಯ ಮಾಡಿದೆ. ಊರವರ ಸೋಫಾ ಎಲ್ಲ ರಿಪೇರಿ ಮಾಡುತ್ತೀರಿ, ನಮ್ಮ ಮನೆಯದು ಹರಿದು ಹತ್ತಿ ಬಂದಿದೆ ಎಂದು ಹಿಂದೊಮ್ಮೆ ಅಂದಿದ್ದಳು. ಅಂಗಡಿಗೆ ರಜೆ ಹಾಕಿ, ಅವಳು ಪೇಟೆಗೆ ಹೋದಾಗ ಅದನ್ನು ನಡುಮನೆಯಲ್ಲೇ ಬಿಚ್ಚಿದೆ. ಹಳೇ ಬಟ್ಟೆ ಸುಲಿದು, ಫೋಮ್ ಹೊರಗೆ ತೆಗೆದು, ಅಭ್ಯಾಸಬಲದಿಂದ ಅಂಗೈಯಲ್ಲಿ ಒತ್ತಿ ನೋಡಿದೆ.

ಬಲಗಡೆಯದು ನನ್ನದು. ಹಳ್ಳ ಬಿದ್ದಿದೆ, ಪಟ್ಟಿ ಜೋತಿದೆ. ಹದಿನೈದು ವರ್ಷದ ಟೀವಿ, ಊಟ, ನಿದ್ದೆ, ಎಲ್ಲ ಅಲ್ಲಿದೆ. ಎಡಗಡೆ ಮೂಲೆ ಅಕ್ಕನದು, ಗೋಡೆಯ ಕಡೆ ಒರಗಿದ ಅಚ್ಚು, ನೋಡಿದೊಡನೆ ಗೊತ್ತಾಯಿತು.

ನಡುವಿನದು ಮನೆಯವಳದು.

ಒತ್ತಿದೆ. ಗಟ್ಟಿಯಾಗಿ ಕೈಯನ್ನು ವಾಪಸ್ ತಳ್ಳಿತು. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ. ಬೆಳಕಿಗೆ ಹಿಡಿದು ನೋಡಿದೆ, ಅಂಚು ಕೂಡ ಮಡಿದಿಲ್ಲ. ಸ್ಪ್ರಿಂಗ್ ಮೇಲೆ ಕಿವಿ ಇಟ್ಟು ತಟ್ಟಿದೆ, ಹೊಸದರ ಸದ್ದು. ಬೇರೆಯವರ ಮನೆಯದಾಗಿದ್ದರೆ ಏನು ಹೇಳುತ್ತಿದ್ದೆ? "ಸಾರ್, ಇಲ್ಲಿ ಯಾರೂ ಕೂರೋದಿಲ್ಲ, ಈ ಮನೇಲಿ ಇರೋದು ಇಬ್ಬರೇ" ಅನ್ನುತ್ತಿದ್ದೆ. ನನ್ನ ಅಂದಾಜು ತಪ್ಪಿದ್ದಿಲ್ಲ.

ಈ ಮನೆಯಲ್ಲಿ ಅವಳು ಕೂತಿಲ್ಲ. ಹಾಗಾದರೆ ಇಷ್ಟು ವರ್ಷ ಎಲ್ಲಿದ್ದಳು?

ನಡುವಿನ ಫೋಮ್ ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದೆ. ಅಂಗಳ ಬಾಗಿಲಲ್ಲೇ ಕಾಣುತ್ತಿತ್ತು. ಹೊರಸಾಲು. ನೆಟ್ಟಗೆ, ಒಳಗಿನದು ಸೊಟ್ಟಗಾದಲ್ಲಿ ಮಾತ್ರ ಹತ್ತಿರಕ್ಕೆ ಸರಿದು.

ಜುಲೈ 10

ಅವಳು ನೀರು ತುಂಬುತ್ತಿದ್ದಳು. ಕೊಡ ಕೈಯಿಂದ ತೆಗೆದುಕೊಂಡೆ. "ನೀನಾ?" ಎಂದೆ.

"ಏನು ನಾನು?"

"ಹೊರಗಿನ ಸಾಲು."

ಅವಳು ನಲ್ಲಿ ನಿಲ್ಲಿಸಿದಳು. "ಇನ್ಯಾರು ರೀ?" ಎಂದಳು. ಸಿಟ್ಟಿನಿಂದ ಅಲ್ಲ, ಸುಸ್ತಾದ ದನಿಯಲ್ಲಿ. "ಒಂದ್ಸಲ ಅವರು ರೋಡಿಗೆ ನುಗ್ಗಿ ಟೆಂಪೋ ಕೆಳಗೆ ಹೋಗ್ತಿದ್ರು. ಆವತ್ತಿಂದ ಅವರು ಒಳಗಡೆ, ನಾನು ರೋಡ್ ಕಡೆ. ಮೊಣಕೈ ಹಿಡ್ಕೊಂಡು. ಬಿಸಿಲಿದ್ರೆ ಕೊಡೆ, ಹಸಿದ್ರೆ ತಟ್ಟೆ. ಎಡವಿದಾಗ ನನ್ನ ಮೇಲೆ ಬೀಳೋರು. ಅಮ್ಮಾ ಅಂತಲೇ ನನ್ನನ್ನ ಕರೆಯೋರು."

"ನನಗೆ ಯಾಕೆ ಹೇಳ್ಲಿಲ್ಲ?"

"ದಿನಾ ಬಂದ ತಕ್ಷಣ ಮೆಟ್ಟಿಲ ಮೇಲೆ ಕೂತು ನಗಿಸೋಕೆ ಶುರು ಮಾಡ್ತಿದ್ರಿ. ಅವರೂ ನಗ್ತಿದ್ರು. ನಾನು ಒಳಗಿಂದ ಕೇಳಿಸ್ಕೋತಿದ್ದೆ. ಮಧ್ಯೆ ಬಂದು ಏನಂತ ಹೇಳ್ಲಿ?"

ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ.

"ಈಗ್ಲೂ ನಡೀತೀಯಾ?"

ತಲೆ ತಗ್ಗಿಸಿದಳು. "ಹೊತ್ತಾದ್ರೆ ಕಾಲು ತಾನಾಗೇ ಎದ್ದು ಹೋಗುತ್ತೆ. ಬೇಡ ಬೇಡ ಅಂದ್ರೂ ಬಾಗಿಲ ಹಿಂದಿಂದ ಅವರ ಶಾಲು ಎಳ್ಕೊಂಡು ಹೊರಡ್ತೀನಿ. ಎರಡು ಸುತ್ತು ಆದ್ಮೇಲೆ ನೆನಪಾಗುತ್ತೆ, ಅವರಿಲ್ಲ ಅಂತ. ನಿಮ್ಮ ಸ್ಕೂಟರ್ ಸದ್ದು ಕೇಳಿದ್ರೆ ಒಳಗೆ ಓಡ್ತೀನಿ. ಹುಚ್ಚಿ ಅಂದ್ಕೋತೀರ ಅಂತ. ಆ ಹೂವು ಇರೋವರೆಗೂ ದಾರಿ ಇರುತ್ತೆ. ದಾರಿ ಇರೋವರೆಗೂ ನನ್ನನ್ನ ಬಿಡಲ್ಲ ಅದು. ನಿಮಗದು ಅಕ್ಕನ ಹೆಜ್ಜೆ. ನನಗೆ ಡ್ಯೂಟಿ ಕಣ್ರೀ."

ಕೊಡವನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡು ಹೇಳಿದಳು. "ಅವರದು ಇರಲಿ. ಅದು ನಿಮ್ಮಿಷ್ಟ. ನನ್ನ ಸಾಲು ಕತ್ತರಿಸಿಬಿಡಿ. ನಾನು ನಡೆದಿದ್ದು ಸಾಕು."

ಜುಲೈ 12, ಭಾನುವಾರ

ಬೆಳಿಗ್ಗೆಯೇ ಸಂಘದ ಮಿಷನ್ನಿನವನು ಬಂದ. ಹಿಂದೆ ಸ್ಕೇಲಣ್ಣ, ಅವರ ಹಿಂದೆ ಅರ್ಧ ಬೀದಿ. ಟೀಚರಮ್ಮ ಅವರ ಬಾಗಿಲಲ್ಲೇ ನಿಂತಿದ್ದರು. ನಾನು ಅಡ್ಡ ನಿಂತು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಮನೆಯವಳು ಮೆಟ್ಟಿಲಿಳಿದು ಬಂದು ಸೆರಗು ಸಿಕ್ಕಿಸಿಕೊಂಡಳು.

"ಕೊಡಪ್ಪಾ ಇಲ್ಲಿ."

"ಅಮ್ಮಾ, ಇದು ಭಾರ ಇದೆ, ನಿಮ್ಮ ಕೈಲಾಗಲ್ಲ."

"ಇದಕ್ಕಿಂತ ಭಾರದ್ದು ತಳ್ಳಿದೀನಿ."

ಅವನು ಕೈ ಬಿಟ್ಟ. ಮಿಷನ್ ಗುರ್ ಎಂದಿತು. ರಸ್ತೆಯ ಕಡೆಯ ಹುಲ್ಲನ್ನು ಮೊದಲು ಹಿಡಿದಳು. ಆಮೇಲೆ ಹೊರಸಾಲಿಗೆ ಬಂದಳು. ಹಳದಿ, ಬಿಳಿ, ಗುಲಾಬಿ ಗೊಂಡೆ ಎಲ್ಲ ಚೂರಾಗಿ ಅವಳ ಸೀರೆಯ ಅಂಚಿಗೆ ಹಾರಿದವು. ಒಂದು ಸಲವೂ ತಲೆ ಎತ್ತಲಿಲ್ಲ. ಒಳಸಾಲು ಸೊಟ್ಟಗಾದಲ್ಲಿ ಮಿಷನ್ನನ್ನು ಒಂಚೂರು ಓರೆ ಮಾಡಿ, ಅಕ್ಕನ ಹೂವಿಗೆ ತಾಗದ ಹಾಗೆ ತಿರುಗಿಸುತ್ತಿದ್ದಳು. ನೋಡದೆಯೇ ತಿರುಗಿಸುತ್ತಿದ್ದಳು. ಎಲ್ಲೆಲ್ಲಿ ಸೊಟ್ಟ ಎಂದು ಅವಳ ಕೈಗೇ ಗೊತ್ತು.

ಮೂಲೆಯಲ್ಲಿ ಕಾಲು ಜಾರಿತು. ಹಿಂದಿನಿಂದ ಅವಳ ಮೊಣಕೈ ಹಿಡಿದೆ. ನಾನು ಅವಳ ಹಿಂದೆಯೇ ನಡೆಯುತ್ತಿದ್ದೆ ಅಂತ ನನಗೆ ಗೊತ್ತಾದದ್ದು ಆಗಲೇ.

"ಬಿಡಿ, ಜನ ನೋಡ್ತಾರೆ," ಎಂದಳು.

"ನೋಡ್ಲಿ," ಎಂದೆ. ಸುತ್ತು ಮುಗಿಯುವವರೆಗೂ ಬಿಡಲಿಲ್ಲ.

ಸ್ಕೇಲಣ್ಣ ಸ್ಕೇಲು ತೆಗೆದರು, ಇಟ್ಟರು, ಮತ್ತೆ ತೆಗೆದರು. "ಸುತ್ತ ಇಷ್ಟು ನೀಟಾಗಿ ತೆಗೆದ್ಮೇಲೆ ಒಳಗಿನದು ಬೇಕಂತಲೇ ಬೆಳೆಸಿದ ಹಾಗೆ ಕಾಣುತ್ತೆ. ಇರಲಿ ಬಿಡಿ, ಗಾರ್ಡನ್ ಅಂತ ಬರ್ಕೋತೀನಿ." ಜನ ಚದುರಿದರು. ಟೀಚರಮ್ಮ ಮಾತ್ರ ಅಂಗಳದವರೆಗೂ ಬಂದು, ಮನೆಯವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಯ್ಯೋ, ನೀವಾ?" ಎಂದು ಅಲ್ಲೇ ನಿಂತುಬಿಟ್ಟರು. ಇಬ್ಬರೂ ಕೈ ಕೈ ಹಿಡಿದುಕೊಂಡರು. ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ.

ಜುಲೈ 14

ಅಂಗಡಿ ಬೇಗ ಮುಚ್ಚಿದೆ. ಸ್ಕೂಟರನ್ನು ಬೀದಿಯ ತುದಿಯಲ್ಲೇ ಆಫ್ ಮಾಡಿ ತಳ್ಳಿಕೊಂಡು ಬಂದೆ, ಸದ್ದಾಗದ ಹಾಗೆ. ಹೊತ್ತು ಅದೇ. ಬಿಸಿಲು ಇಳಿದಿತ್ತು.

ಅಂಗಳದಲ್ಲಿ ಅವಳಿಲ್ಲ. ಮೆಲ್ಲಗೆ ಒಳಗೆ ಇಣುಕಿದೆ. ಮಗ್ಗುಲಾಗಿ ಮಲಗಿ ನಿದ್ದೆ ಮಾಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆ ಹೊಡೆಯುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಮಲಗುವಾಗ ಅವಳು ಎದ್ದಿರುತ್ತಾಳೆ, ನಾನು ಏಳುವಾಗಲೂ ಎದ್ದಿರುತ್ತಾಳೆ.

ಎಬ್ಬಿಸಲಿಲ್ಲ. ಹೊರಗೆ ಬಂದೆ. ಅಕ್ಕನ ಸಾಲು ಒಂದೇ ಉಳಿದಿದೆ. ಹುಲ್ಲಿನ ನಡುವೆ ಒಬ್ಬಳೇ ನಿಂತು ದಾರಿ ಕಾಯುತ್ತಿರುವ ಹಾಗಿತ್ತು. ಎಲೆಗಳೆಲ್ಲ ಬಿಚ್ಚಿಕೊಂಡಿದ್ದವು. ಗಾಳಿ ಇಲ್ಲ. ಆದರೂ ಅದರ ತುದಿಯಲ್ಲಿ ಒಂದು ಗೊಂಡೆ ಅಲ್ಲಾಡುತ್ತಿತ್ತು, ಈಗ ಹೊರಟೆ, ಈಗ ಹೊರಟೆ ಅನ್ನುವ ಹಾಗೆ.

ಚಪ್ಪಲಿ ಮೆಟ್ಟಿಲ ಹತ್ತಿರ ಬಿಟ್ಟೆ. ಪಕ್ಕದಲ್ಲಿ ರಸ್ತೆಯ ಕಡೆ ಜಾಗ ಖಾಲಿ ಇತ್ತು. ಕತ್ತರಿಸಿದ ಕಡ್ಡಿ ಪಾದಕ್ಕೆ ಚುಚ್ಚಿತು. ಮೊದಲ ಸುತ್ತಿನಲ್ಲಿ ಎರಡು ಕಡೆ ತಪ್ಪಿದೆ. ಎಲ್ಲಿ ಹತ್ತಿರಕ್ಕೆ ಸರಿಯಬೇಕು ಎಂದು ಆಮೇಲೆ ತಿಳಿಯಿತು. ಅಕ್ಕನ ಕಡೆಯ ಕೈ ತಾನಾಗಿಯೇ ಸ್ವಲ್ಪ ಮೇಲೆದ್ದಿತು, ಮೊಣಕೈ ಹಿಡಿಯುವಷ್ಟು ಎತ್ತರಕ್ಕೆ. ಹಾಗೇ ಇಟ್ಟುಕೊಂಡು ನಡೆದೆ.